ಹಾಸು ಮುಗಿಯದ ಲ್ಯಾಪ್‌ಟಾಪ್

ಬನಹಟ್ಟಿಯ ನವಪ್ರಭಾ ಕೈಮಗ್ಗ ನೇಕಾರರ ಸಹಕಾರಿ ಸಂಘದ ಏಕೈಕ ಲ್ಯಾಪ್‌ಟಾಪು ದೀಪಾವಳಿ ರಜೆ ಮುಗಿದ ಮೊದಲ ಸೋಮವಾರ, ಕಚೇರಿಯ ವೇಳೆಯಲ್ಲೇ, ಯಾರ ಪೂರ್ವಾನುಮತಿಯನ್ನೂ ಪಡೆಯದೆ, ತನ್ನ ಆಪರೇಟಿಂಗ್ ಸಿಸ್ಟಮ್ಮನ್ನು ನವೀಕರಿಸಬೇಕೆಂದು ಕೋರಿತು. ಅಲ್ಲಿಯವರೆಗೆ ಸಂಘದಲ್ಲಿ ಏನನ್ನಾದರೂ ಕೋರಿದವರೆಲ್ಲ ಮನುಷ್ಯರೇ ಆಗಿದ್ದರು, ಅವರನ್ನು ನಾಳೆ ಬರಲು ಹೇಳುವ ಪದ್ಧತಿ ಚೆನ್ನಾಗಿ ರೂಢಿಯಲ್ಲಿತ್ತು. ಯಂತ್ರಕ್ಕೆ ನಾಳೆ ಬಾ ಎನ್ನುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ.

ಕೋರಿಕೆಯನ್ನು ಮೊದಲು ಕಂಡವಳು ಕಂಪ್ಯೂಟರ್ ಆಪರೇಟರ್ ಸುಮನ. ಪರದೆಯ ಮೇಲೆ ಒಂದು ಚೌಕ ಮೂಡಿತ್ತು. ಅದರ ಕೆಳಗೆ ಎರಡು ಗುಂಡಿ: 'ಈಗಲೇ ನವೀಕರಿಸಿ', 'ಆಮೇಲೆ ನೆನಪಿಸಿ'. ಸುಮನಳಿಗೆ ನಿಜವಾಗಿಯೂ ಖುಷಿಯಾಯಿತು. ಖುಷಿಯ ಕಾರಣ ಎದುರಿನ ಬೆಂಚಿನ ಮೇಲೆ ಕೂತಿತ್ತು.

ಆ ಕಾರಣದ ಹೆಸರು ತಾರವ್ವ. ರಬಕವಿಯ ನೇಕಾರ್ತಿ. ಅವಳ ನೇಕಾರರ ಕಾರ್ಡಿನ ಅವಧಿ ಮುಗಿದಿತ್ತು. ಕಾರ್ಡು ನವೀಕರಿಸುವ ವೆಬ್‌ಸೈಟು ಲ್ಯಾಪ್‌ಟಾಪಿನ ಹಳೆಯ ಸಿಸ್ಟಮ್ಮಿನಲ್ಲಿ ತೆರೆಯುತ್ತಿರಲಿಲ್ಲ. ಕಾರ್ಡಿಲ್ಲದೆ ಸಂಘ ನೂಲು ಕೊಡುವಂತಿಲ್ಲ, ನೂಲಿಲ್ಲದೆ ಮಗ್ಗ ನಡೆಯುವಂತಿಲ್ಲ. ತಾರವ್ವನ ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಯಲ್ಲಿ ಆಗಲೇ ಬೆಕ್ಕು ಮರಿ ಹಾಕಿತ್ತು. ಅವಳು ದಿನಾ ಬಂದು ಬೆಂಚಿನ ಮೇಲೆ ಕೂತು, ಕೈಗೆ ಕೆಲಸವಿಲ್ಲದೆ ಸೆರಗಿನ ಅಂಚನ್ನೇ ಸವರುತ್ತ, ಸಂಜೆ ಎದ್ದು ಹೋಗುತ್ತಿದ್ದಳು.

ಸುಮನ ಮೊದಲ ಗುಂಡಿಯತ್ತ ಬೆರಳು ಒಯ್ದಳು.

"ಕೈ ತಗೀರಿ," ಅಂದರು ಕಾರ್ಯದರ್ಶಿ ವೇದವ್ಯಾಸರಾಯರು. ಅವರು ಎಂದೂ ದನಿ ಏರಿಸಿದವರಲ್ಲ, ಏರಿಸುವ ಪ್ರಸಂಗ ಬಂದರೆ ಒಂದು ಸಭೆ ಕರೆಯುತ್ತಿದ್ದರು. "ಯಾರನ್ನ ಕೇಳಿ ಒತ್ತಾಕತ್ತೀರಿ?"

"ಅದ ಕೇಳಾಕತ್ತೈತ್ರಿ ಸರ್."

"ಕೇಳಿದ ಕೂಡಲೆ ಕೊಟ್ಟರ ಸಂಘ ಯಾಕ ಬೇಕು? ತಾರವ್ವನ್ನ ನೋಡ್ರಿ, ಎಷ್ಟ ಸಮಾಧಾನದಿಂದ ಕುಂತಾಳ."

ತಾರವ್ವ ತನ್ನನ್ನು ಹೊಗಳಿದರೆಂದು ತಿಳಿದು ಕೈ ಮುಗಿದಳು.

ವಿಷಯ ಆಡಳಿತ ಮಂಡಳಿಯ ಮುಂದೆ ಬಂತು. ಅಧ್ಯಕ್ಷ ಸುಪಾರ್ಶ್ವಣ್ಣ ತೇರದಾಳದಿಂದ ಬಸ್ಸಿಗೆ ಬಂದರು. ನೂಲಿನ ವ್ಯಾಪಾರದಲ್ಲೇ ಕೂದಲು ಹಣ್ಣಾದವರು. ಮಗ್ಗದ ವಿಷಯದಲ್ಲಿ ಅವರ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಬೇರೆ ವಿಷಯಗಳೂ ಅವರಿಗೆ ಮಗ್ಗದ ಹಾಗೆಯೇ ಕಾಣುತ್ತಿದ್ದವು.

"ಹಾಸು ಮುಗದೈತೇನ್ರಿ?" ಎಂದು ಕೇಳಿದರು.

ಸಭೆ ಮೆಚ್ಚುಗೆಯಿಂದ ತಲೆಯಾಡಿಸಿತು. ಮಗ್ಗಕ್ಕೆ ಏರಿಸಿದ ಹಾಸು, ಅಂದರೆ ಉದ್ದದ ಎಳೆಗಳು, ನೇಯ್ದು ಮುಗಿಯುವ ತನಕ ಮಗ್ಗದ ಒಂದು ಗೂಟವನ್ನೂ ಅಲ್ಲಾಡಿಸಬಾರದು, ಅಲ್ಲಾಡಿಸಿದರೆ ಎಳೆಯೆಲ್ಲ ಗಂಟಾಗುತ್ತದೆ. ಇದು ಬನಹಟ್ಟಿಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಲ್ಯಾಪ್‌ಟಾಪಿಗೂ ಇದೇ ನಿಯಮ ಅನ್ವಯಿಸತಕ್ಕದ್ದೆಂದು ಸರ್ವಾನುಮತದ ಠರಾವಾಯಿತು. ಅದರ ಹಾಸು ಯಾವುದು ಎಂಬ ಪ್ರಶ್ನೆಗೆ ವೇದವ್ಯಾಸರಾಯರು, ಬಾಕಿ ಇರುವ ಕೆಲಸವೇ ಹಾಸು ಎಂದು ವ್ಯಾಖ್ಯಾನ ಕೊಟ್ಟರು.

"ಬಾಕಿ ಏನೈತಿ?" ಅಧ್ಯಕ್ಷರು ಸುಮನಳತ್ತ ತಿರುಗಿದರು.

"ತಾರವ್ವಾರ ಕಾರ್ಡ ಒಂದ ಐತ್ರಿ ಅಣ್ಣಾರ."

"ಅದನ್ನ ಮುಗಸ್ರಿ. ಆಮ್ಯಾಲ ಅಪ್‌ಗ್ರೇಡ್ ಮಾಡ್ರಿ. ಆತಲ್ಲ."

"ಅಪ್‌ಗ್ರೇಡ್ ಆಗದ ಅದು ಮುಗಿಯಾಂಗಿಲ್ರಿ."

"ಹಾಸು ಮುಗಿಯದ ಮಗ್ಗ ಹೆಂಗ ಬಿಚ್ಚತೀ, ತಂಗಿ?"

"ಮಗ್ಗ ಬಿಚ್ಚದ ಹಾಸು ಮುಗಿಯಾಂಗಿಲ್ರಿ ಅಣ್ಣಾರ."

ಸುಪಾರ್ಶ್ವಣ್ಣ ಅವಳನ್ನು ಕರುಣೆಯಿಂದ ನೋಡಿದರು. ಓದಿದ ಹುಡುಗಿ, ಮಗ್ಗದ ಮೇಲೆ ಕೂತವಳಲ್ಲ ಎಂದು ಪಕ್ಕದವರಿಗೆ ಹೇಳಿದರು. ಹಾಗಾದರೆ ನನ್ನ ಮೊಬೈಲಿನಲ್ಲೇ ಕಾರ್ಡಿನ ಕೆಲಸ ಮಾಡಿಬಿಡುತ್ತೇನೆ ಎಂದಳು ಸುಮನ. ಕಾರ್ಯದರ್ಶಿಗಳು ಬೆಚ್ಚಿಬಿದ್ದರು. ಹೊರಗಿನ ಮಗ್ಗದಲ್ಲಿ ನೇಯ್ದ ಸೀರೆಗೆ ಸಂಘದ ಮುದ್ರೆ ಒತ್ತುವುದಿಲ್ಲ, ಹೊರಗಿನ ಮೊಬೈಲಿನಲ್ಲಿ ಮಾಡಿದ ಕೆಲಸಕ್ಕೂ ಒತ್ತುವುದಿಲ್ಲ. ಇದು ಎರಡನೆಯ ಠರಾವು. ಚಹಾ, ಚುರಮುರಿಯೊಂದಿಗೆ ಸಭೆ ಮುಗಿಯಿತು.

ಚಳಿಗಾಲ ಬಂದ ಮೇಲೆ, ಇತರ ಸಂಘಗಳ ಅನುಭವ ಅರಿಯಲು ಮಂಡಳಿಯು ಸಕುಟುಂಬ ಅಧ್ಯಯನ ಪ್ರವಾಸ ಹೊರಟಿತು. ಮುಧೋಳದ ಕಡೆ ಒಂದು ಸಂಘದಲ್ಲಿ ನವೀಕರಣ ಆಗಿತ್ತಂತೆ, ಆದರೆ ಅಂದು ಕರೆಂಟಿಲ್ಲದ್ದರಿಂದ ಫಲಿತಾಂಶ ನೋಡಲಾಗಲಿಲ್ಲ. ಬೀಳಗಿಯ ಕಡೆ ಇನ್ನೊಂದರಲ್ಲಿ ಲ್ಯಾಪ್‌ಟಾಪೇ ಇರಲಿಲ್ಲ, ಲ್ಯಾಪ್‌ಟಾಪಿನ ಬಗ್ಗೆ ಒಂದು ದೂರೂ ಇರಲಿಲ್ಲ. ಇದು ಎಲ್ಲರ ಮನಸ್ಸಿಗೆ ನಾಟಿತು. ಮರಳುವಾಗ ರನ್ನ ಬೆಳಗಲಿಯಲ್ಲಿ ಅಧ್ಯಕ್ಷರ ಪರಿಚಯದವರ ಹೊಲಕ್ಕಿಳಿದು, ಎಳೆ ಜೋಳದ ತೆನೆ ಸುಟ್ಟು ಉದುರಿಸಿದ ಸೀತನಿ ತಿಂದರು. ವರದಿ ಚಿಕ್ಕದಾಗಿತ್ತು: 'ನವೀಕರಣಕ್ಕೆ ಅವಸರ ಸಲ್ಲದು. ಸೀತನಿ ಛಲೋ ಇತ್ತು.' ಎರಡನೆಯ ವಾಕ್ಯವನ್ನು ಕಾರ್ಯದರ್ಶಿಗಳು ಹೊಡೆದುಹಾಕಿಸಿದರು. ಕಣ್ಣಾರೆ ಕಂಡು ಬರೆದ ವಾಕ್ಯ ಅದೊಂದೇ ಆಗಿತ್ತು.

ಅವರೆಲ್ಲ ಸೀತನಿ ತಿನ್ನುತ್ತಿದ್ದ ಹೊತ್ತಿಗೆ ಕಚೇರಿಯಲ್ಲಿ ಇದ್ದವರು ಸುಮನ ಮತ್ತು ತಾರವ್ವ ಇಬ್ಬರೇ. ಚೌಕ ಮತ್ತೆ ಮೂಡಿತು. ಸುಮನ ತಾರವ್ವನ ಮುಖ ನೋಡಿದಳು. ಕೆಲಸ ಹೋದರೆ ಹೋಗಲಿ ಎಂದುಕೊಂಡು 'ಈಗಲೇ ನವೀಕರಿಸಿ' ಒತ್ತಿಯೇಬಿಟ್ಟಳು.

ಯಂತ್ರ ಬಹಳ ಹೊತ್ತು ಗುಂಯ್‌ಗುಟ್ಟಿ ಯೋಚಿಸಿತು. ನಂತರ ಬರೆಯಿತು: 'ಕ್ಷಮಿಸಿ. ಈ ಯಂತ್ರವು ಹೊಸ ಆವೃತ್ತಿಗೆ ಅರ್ಹವಾಗಿಲ್ಲ.'

"ಏನಂತೈತಿ?" ತಾರವ್ವ ಎದ್ದು ಬಂದಳು.

"ದಿನಾ ಅದ ಕೇಳತಿತ್ರಿ ಅಕ್ಕಾರ, ಮಾಡ್ರಿ ಮಾಡ್ರಿ ಅಂತ. ಮಾಡಾಕ ಹೋದ್ರ ನನಗ ಅರ್ಹತಾ ಇಲ್ಲ ಅಂತೈತಿ."

ತಾರವ್ವ ಲ್ಯಾಪ್‌ಟಾಪಿನ ಬೆನ್ನು ಸವರಿದಳು. "ಪಾಪ, ಅದಕ್ಕೂ ಕಾರ್ಡ್ ಇಲ್ಲೇನು?"

ಸುಮನ ಮರುದಿನ ತಪ್ಪೊಪ್ಪಿಕೊಂಡು ಎಲ್ಲವನ್ನೂ ಹೇಳಿದಳು. ನವೀಕರಣ ಸಾಧ್ಯವೇ ಇಲ್ಲ, ಹೊಸ ಲ್ಯಾಪ್‌ಟಾಪು ಕೊಳ್ಳಬೇಕು ಎಂದಳು. ವೇದವ್ಯಾಸರಾಯರು ಕೊಂಚವೂ ವಿಚಲಿತರಾಗಲಿಲ್ಲ.

"ಅರ್ಹತಾ ಐತೋ ಇಲ್ಲೋ ಅಂತ ಹೇಳಾಂವ ಅರ್ಜಿದಾರ ಅಲ್ರಿ, ಮಂಡಳಿ. ಅದು ತನ್ನ ಅಭಿಪ್ರಾಯ ಹೇಳೇತಿ, ನಾವು ನಮ್ಮ ನಿರ್ಣಯ ತಗೋತೀವಿ. ಅಲ್ಲಿ ತನಕಾ ದಿನಾ ಆ ಚೌಕಕ್ಕ ಉತ್ತರ ಕೊಡಾಕ ಒಬ್ರು ಬೇಕು. ನೀವು ಬ್ಯಾಡ್ರಿ, ನಿಮ್ಮ ಬೆರಳಿನ ಮ್ಯಾಲೆ ನಮಗ ಭರವಸೆ ಇಲ್ಲ."

ಹೀಗೆ 'ನೆನಪು ಮುಂದೂಡಿಕೆ ಸಹಾಯಕಿ' ಎಂಬ ಹುದ್ದೆ ಸೃಷ್ಟಿಯಾಯಿತು. ಸೂಚನಾ ಫಲಕದಲ್ಲಿ ಪ್ರಕಟಣೆ ಬಿತ್ತು: 'ಲ್ಯಾಪ್‌ಟಾಪನ್ನು ಮಗ್ಗವೆಂದು ಪರಿಗಣಿಸಿರುವುದರಿಂದ ಅಭ್ಯರ್ಥಿಯು ನೇಕಾರರೇ ಆಗಿರತಕ್ಕದ್ದು. ಸ್ವಂತ ಮಗ್ಗ ನಡೆಸುತ್ತಿರುವವರಿಗೆ ಪುರುಸೊತ್ತು ಇರುವುದಿಲ್ಲವಾದ್ದರಿಂದ, ಚಾಲ್ತಿ ಕಾರ್ಡು ಉಳ್ಳವರು ಅರ್ಜಿ ಹಾಕತಕ್ಕದ್ದಲ್ಲ. ಸೇವೆಯಲ್ಲಿರುವಾಗ ಕಾರ್ಡು ನವೀಕರಣಗೊಂಡಲ್ಲಿ ಹುದ್ದೆ ತಾನಾಗಿ ರದ್ದಾಗತಕ್ಕದ್ದು.'

ಇಡೀ ಸಂಘದಲ್ಲಿ ಅರ್ಹತೆ ಇದ್ದದ್ದು ತಾರವ್ವ ಒಬ್ಬಳಿಗೇ. ಅವಳನ್ನು ಬೆಂಚಿನಿಂದ ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದರು. ಸುಮನ ಕೊನೆಯ ನಿಯಮವನ್ನು ಅವಳಿಗೆ ಓದಿ ಹೇಳಿದಳು.

"ಅಂದ್ರ ಕಾರ್ಡ್ ಬಂದ್ರ ಕೆಲಸ ಹೋಗತೈತಿ?"

"ಹೌದ್ರಿ ಅಕ್ಕಾರ."

ತಾರವ್ವ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, ಯಾವ ಗುಂಡಿ ಒತ್ತಬಾರದು ಎಂಬುದನ್ನು ಮಾತ್ರ ಸರಿಯಾಗಿ ತೋರಿಸು ಎಂದಳು.

ಬೇಸಿಗೆಗೆ ಜಮಖಂಡಿಯಿಂದ ತಪಾಸಣಾ ಅಧಿಕಾರಿಯೊಬ್ಬರು ಬಂದರು. ಚೌಕ ಮೂಡುವುದನ್ನೂ, ತಾರವ್ವ ಅದನ್ನು 'ಆಮೇಲೆ ನೆನಪಿಸಿ' ಎಂದು ಕಳಿಸುವುದನ್ನೂ ಗಂಭೀರವಾಗಿ ವೀಕ್ಷಿಸಿದರು. ತಮ್ಮ ಕಚೇರಿಯಲ್ಲಿ ಇದೇ ಕೆಲಸವನ್ನು ತಾವೇ ಮಾಡಬೇಕಾಗಿದೆ, ಪ್ರತ್ಯೇಕ ಸಿಬ್ಬಂದಿ ಇಲ್ಲ ಎಂದು ಬೇಸರಪಟ್ಟರು. ಎಲ್ಲ ಸಂಘಗಳೂ ಈ ಮಾದರಿಯನ್ನು ಅನುಸರಿಸಬೇಕೆಂದು ಷರಾ ಬರೆದರು. ಲ್ಯಾಪ್‌ಟಾಪಿಲ್ಲದ ಸಂಘಗಳು ಮೊದಲು ಸಹಾಯಕಿಯನ್ನು ನೇಮಿಸಿಕೊಂಡು, ಯಂತ್ರದ ವಿಚಾರವನ್ನು ಆಮೇಲೆ ನೋಡಬಹುದೆಂಬ ರಿಯಾಯಿತಿಯೂ ಅದರಲ್ಲಿತ್ತು.

ಅವರು ಹೋದ ಮೇಲೆ ಸುಮನಳ ಕಣ್ಣು ಮೇಜಿನ ಕೆಳಗೆ ಹೋಯಿತು. ತಾರವ್ವನ ಪಾದಗಳು ಒಂದರ ನಂತರ ಒಂದು ಮೆಲ್ಲಗೆ ನೆಲ ತುಳಿಯುತ್ತಿದ್ದವು. ಗುಂಡಿ ಒತ್ತಿದ ಕೈ ಲಾಳಿ ಎಸೆದಂತೆ ಅತ್ತ ಹೋಗಿ ಇತ್ತ ಬರುತ್ತಿತ್ತು.

"ಕಾಲ್ ಯಾಕ ಆಡಸ್ತೀರಿ ಅಕ್ಕಾರ?"

"ನೇಯಾಕತ್ತೇನವಾ," ಅಂದಳು ತಾರವ್ವ, ಪರದೆಯಿಂದ ಕಣ್ಣು ತೆಗೆಯದೆ. "ಈ ಹಾಸು ಬಾಳ ಉದ್ದ ಐತಿ."

ಸುಮನ ಸಂಜೆಯ ವರದಿಯಲ್ಲಿ ಎಂದಿನಂತೆ 'ಮಗ್ಗ ಚಾಲೂ ಇದೆ' ಎಂದು ಬರೆದು, ಸಂಘದ ಮುದ್ರೆ ಒತ್ತಿದಳು.