ಹಡಗಿನಲ್ಲಿ ಸೋದರಮಾವ ಇದ್ದಿದ್ದರೆ

ಸ್ಕಾಟ್ಲೆಂಡಿನ ಸಿಂಹಾಸನ ಏಳುನೂರು ವರ್ಷಗಳ ಹಿಂದೆ ಹಾದಿ ತಪ್ಪಿತಲ್ಲ ಎಂಬ ಚಿಂತೆ ಸ್ಕಾಟ್ಲೆಂಡಿನವರಿಗೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ತಮ್ಮನಿಗಂತೂ ಇದೆ! ಧಾರವಾಡದಲ್ಲಿ ಹುಟ್ಟಿ, ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ ಮನೆ ಮಾಡಿಕೊಂಡಿರುವ ಈ ಮಹಾನುಭಾವನ ಮನೆಯ ಮುಂದೆ ಹುಲ್ಲು ಮೊಣಕಾಲೆತ್ತರ ಬೆಳೆದಿದೆ. ಕತ್ತರಿಸಿ ಎಂದು ಕಾಲೊನಿಯವರು ಮೂರು ಸಲ ನೋಟಿಸ್ ಕಳಿಸಿದ್ದಾರೆ. ಅದಕ್ಕೆ ಇವನಿಗೆ ಪುರುಸೊತ್ತಿಲ್ಲ. ಯಾಕೆಂದರೆ ಒಳಗೆ ಊಟದ ಮೇಜಿನ ಮೇಲೆ ಉತ್ತರ ಸಮುದ್ರದ ನಕ್ಷೆ ಹಾಸಿಕೊಂಡು, ಸತ್ತುಹೋದ ರಾಣಿಯೊಬ್ಬಳಿಗೆ ಮದುವೆ ಮಾಡಿಸುತ್ತಿದ್ದಾನೆ.

ಇವನು ಪೆಟ್ರೋಲಿಯಂ ಎಂಜಿನಿಯರು. ಟೆಕ್ಸಾಸಿಗೆ ಬರುವ ಮೊದಲು ಕೆಲವು ವರ್ಷ ಸ್ಕಾಟ್ಲೆಂಡಿನಾಚೆ ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಡೆ ಕೆಲಸಕ್ಕಿದ್ದ. ಅಲ್ಲಿಂದ ಬರುವವರು ಉಣ್ಣೆಯ ಸ್ವೆಟರ್ ತರುತ್ತಾರೆ, ವಿಸ್ಕಿ ಶೀಷೆ ತರುತ್ತಾರೆ. ಇವನು ಒಂದು ಕಥೆ ತಂದ. ತಂದವನು ಸುಮ್ಮನೆ ಇಟ್ಟುಕೊಂಡನೇ? ಸಿಕ್ಕಸಿಕ್ಕವರಿಗೆಲ್ಲ ಹಂಚಿದ!

ನೀವೂ ತಪ್ಪಿಸಿಕೊಳ್ಳಲಾರಿರಿ, ಕೇಳಿಬಿಡಿ. ಸ್ಕಾಟ್ಲೆಂಡಿನ ರಾಜನೊಬ್ಬ ಬಿರುಗಾಳಿಯಲ್ಲಿ ಹೆಂಡತಿಯನ್ನು ನೋಡಲು ಹೊರಟು ಕುದುರೆಯೊಂದಿಗೆ ಬಿದ್ದು ಸತ್ತ. ಗಂಡುಮಕ್ಕಳಿಬ್ಬರೂ ಮೊದಲೇ ತೀರಿಕೊಂಡಿದ್ದರು. ನಾರ್ವೆಗೆ ಕೊಟ್ಟಿದ್ದ ಮಗಳೂ ಇರಲಿಲ್ಲ. ಉಳಿದದ್ದು ಆ ಮಗಳ ಹೆಣ್ಣುಕೂಸೊಂದೇ. ಅವಳೇ ರಾಣಿ ಎಂದಾಯಿತು. ಇಂಗ್ಲೆಂಡಿನ ರಾಜ ತಡಮಾಡದೆ ತನ್ನ ಮಗನಿಗೆ ಅವಳನ್ನು ಗೊತ್ತುಮಾಡಿದ. ಏಳು ವರ್ಷದ ಹುಡುಗಿಯನ್ನು ನಾರ್ವೆಯಿಂದ ಹಡಗು ಹತ್ತಿಸಿದರು. ಅವಳು ದಾರಿಯಲ್ಲೇ ಕಾಯಿಲೆ ಬಿದ್ದು, ಒಂದು ದ್ವೀಪ ತಲುಪುವ ಹೊತ್ತಿಗೆ ಸತ್ತುಹೋದಳು. ಆಮೇಲೆ ಸಿಂಹಾಸನ ನನ್ನದು ಎಂದು ಹದಿಮೂರು ಮಂದಿ ಎದ್ದರು, ಪಂಚಾಯಿತಿಗೆಂದು ಬಂದ ಇಂಗ್ಲೆಂಡಿನ ರಾಜ ಯಜಮಾನನಾಗಿ ಕೂತ, ಯುದ್ಧವೋ ಯುದ್ಧ.

ಇಷ್ಟು ಇತಿಹಾಸ. ಇನ್ನು ನನ್ನ ತಮ್ಮನ ಇತಿಹಾಸ. ಅದರಲ್ಲಿ ಹುಡುಗಿ ಸಾಯುವುದಿಲ್ಲ. ಕ್ಷೇಮವಾಗಿ ಇಳಿಯುತ್ತಾಳೆ, ಮದುವೆಯಾಗುತ್ತಾಳೆ, ಮೊಮ್ಮಕ್ಕಳನ್ನು ಕಾಣುತ್ತಾಳೆ. ಯುದ್ಧಗಳೆಲ್ಲ ರದ್ದು! ಇದನ್ನು ನಾಲ್ಕು ದಪ್ಪ ನೋಟ್‌ಬುಕ್ಕುಗಳಲ್ಲಿ ಬರೆದಿದ್ದಾನೆ. ಸಾಯದೆ ಹೇಗೆ ಉಳಿದಳು ಎಂದಿರಾ? ಅಲ್ಲೇ ಇರುವುದು ನನ್ನ ತಮ್ಮನ ಮಹಾ ಸಂಶೋಧನೆ. ಹಡಗಿನಲ್ಲಿ ಹುಡುಗಿಯ ಜೊತೆ ಅವಳ ಸೋದರಮಾವ ಇದ್ದ! ಮಾವಂದಿರಿಬ್ಬರೂ ಸತ್ತಿದ್ದರಲ್ಲ ಎಂದರೆ ಒಬ್ಬನನ್ನು ಬದುಕಿಸಿಕೊಂಡೆ ಎನ್ನುತ್ತಾನೆ, ಹಾಗಾದರೆ ಅವನೇ ರಾಜನಲ್ಲವೇ ಎಂದು ಕೇಳುವಂತಿಲ್ಲ.

"ನೋಡಕ್ಕಾ, ಮದವಿ ಆದ ಹುಡುಗಿ ಜೋಡಿ ತವರಮನಿಯಿಂದ ಒಬ್ಬರು ಹೋಗಿ ನಾಕ ದಿನಾ ಇದ್ದು ಬರೂದು ನಮ್ಮ ಪದ್ಧತಿ ಹೌದಿಲ್ಲೋ? ಆ ಕೂಸಿನ ಜೋಡಿ ಯಾರ ಹೋಗಿದ್ರು ಹೇಳು?"

"ಯಾರೋ ಬಿಷಪ್ ಇದ್ದಾಂತ ನೀನ ಹೇಳಿದ್ಯಲ್ಲೋ."

"ಬಿಷಪ್ ಏನ್ ಸೋದರಮಾವ ಆಗ್ತಾನೇನ? ಹೊಟ್ಟಿ ತೊಳಸಿದ್ರ ಶುಂಠಿ ಕೊಡಬೇಕಂತ ಬಿಷಪ್‌ಗೆ ಗೊತ್ತಿತ್ತೇನ? ಒಂದ ತುಂಡು ಶುಂಠಿ, ಒಂದ ಚೂರು ಬೆಲ್ಲ. ಯುರೋಪಿನ ಚರಿತ್ರಾನ ಬ್ಯಾರೆ ಆಗ್ತಿತ್ತು!"

ಹೀಗೆ ಹೇಳಿ ಅಂಗಿಯ ಜೇಬಿನಿಂದ ಸಣ್ಣ ಸ್ಟೀಲ್ ಡಬ್ಬಿ ತೆಗೆಯುತ್ತಾನೆ. ಅದರಲ್ಲಿ ಬೆಲ್ಲದಲ್ಲಿ ಕುದಿಸಿ ಒಣಗಿಸಿದ ಶುಂಠಿ. ಶುಗರ್ ಲ್ಯಾಂಡಿನಿಂದ ನಾಲ್ಕು ಗಂಟೆ ದೂರದ ಕಾಪೆಲ್‌ನ ನಮ್ಮ ಮನೆಗೆ ಡ್ರೈವ್ ಮಾಡಿಕೊಂಡು ಬಂದರೂ ಸರಿ, ಎರಡು ರಸ್ತೆಯಾಚೆಯ ಇಂಡಿಯನ್ ಅಂಗಡಿಗೆ ಹೋಗಿ ಬಂದರೂ ಸರಿ, ಡಬ್ಬಿ ತೆರೆದು ಎಲ್ಲರ ಬಾಯಿಗೂ ಒಂದೊಂದು ಚೂರು ತುರುಕುತ್ತಾನೆ. ವಾಂತಿ ಬರದಿದ್ದವರಿಗೂ ಆ ಖಾರಕ್ಕೆ ಬರಬೇಕು!

ನಮ್ಮ ಮನೆಯ ಗಣಪತಿ ಹಬ್ಬಕ್ಕೆ ಹತ್ತು ಸಂಸಾರ ಸೇರುತ್ತವೆ. ಒಂದು ವರ್ಷ ಇವನು ಆ ರಾಣಿಯದೂ ಇಂಗ್ಲೆಂಡಿನ ಹುಡುಗನದೂ ಜಾತಕ ಬರೆದುಕೊಂಡು ಬಂದು, ಪೂಜೆಗೆ ಬಂದಿದ್ದ ಭಟ್ಟರ ಮುಂದೆ ಹಿಡಿದ. ಪಾಪ, ಯಾವುದೋ ನಮ್ಮವರ ಸಂಬಂಧ ಎಂದುಕೊಂಡ ಭಟ್ಟರು ಕನ್ನಡಕ ಏರಿಸಿ, "ಹುಡುಗನ ಗೋತ್ರ ಯಾವುದು?" ಎಂದರು.

"ಗೋತ್ರ ಗೊತ್ತಿಲ್ರಿ. ಆದ್ರ ಹುಡುಗಿ ಅಜ್ಜಿ, ಹುಡುಗನ ಅಪ್ಪ ಖಾಸ ಅಣ್ಣ ತಂಗಿ. ಇಷ್ಟ ಹತ್ತಿರದ ಸಂಬಂಧಕ್ಕ ಅವರು ಪೋಪ್ ಅಪ್ಪಣಿ ತರಬೇಕಾತಂತ್ರಿ! ಧಾರವಾಡದಾಗ ಇದಕ್ಕ ಯಾರರ ಅಪ್ಪಣಿ ಕೇಳ್ತಾರೇನ್ರಿ?"

ಭಟ್ಟರು ಜಾತಕವನ್ನು ನೆಲದ ಮೇಲಿಟ್ಟರು. ಮುಂದಿನ ವರ್ಷದ ಹಬ್ಬಕ್ಕೆ ಬೇರೆ ಮನೆಯ ಪೂಜೆ ಒಪ್ಪಿಕೊಂಡಿದ್ದೇನೆ ಎಂದು ಮರುವಾರವೇ ಫೋನ್ ಮಾಡಿ ತಿಳಿಸಿದರು.

ಇದನ್ನೆಲ್ಲ ನಾನು ಸಹಿಸಿಕೊಂಡೆ. ಒಬ್ಬನೇ ಇದ್ದಾನೆ, ಮದುವೆಯಾಗಲಿಲ್ಲ, ಸತ್ತ ರಾಣಿಯೋ ಇನ್ಯಾರೋ, ಏನನ್ನಾದರೂ ಹಚ್ಚಿಕೊಂಡಿರಲಿ ಎಂದೆ. ಆದರೆ ಅವನು ಸ್ಕಾಟ್ಲೆಂಡನ್ನು ತಂದು ನನ್ನ ಮಗಳ ಮದುವೆಯ ನಡುವೆ ಇಟ್ಟನಲ್ಲ, ಆವತ್ತು ನನ್ನ ಸಹನೆ ಮುಗಿಯಿತು.

ನನಗಿರುವವಳು ಒಬ್ಬಳೇ ಮಗಳು. ಅವಳೇ ಮೆಚ್ಚಿದ ಹುಡುಗ ಆಸ್ಟಿನ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ತಂದೆತಾಯಿ ಮೈಸೂರಿನವರು, ಇಲ್ಲೇ ಲೂಯಿಸ್‌ವಿಲ್‌ನಲ್ಲಿ ಇದ್ದಾರೆ. ನಯವಾದ ಜನ. ಮಾತುಕತೆಗೆ ಅವರ ಮನೆಗೆ ಹೋದಾಗ, ಸೋದರಮಾವ ಇಲ್ಲದೆ ಹೇಗೆ ಎಂದು ಇವನನ್ನೂ ಕರೆದುಕೊಂಡು ಹೋದೆ. ನನ್ನ ಬುದ್ಧಿಗೆ ಏನನ್ನಬೇಕು! ಉಪ್ಪಿಟ್ಟು ಮುಗಿದು ಕಾಫಿ ಬರುವಷ್ಟರಲ್ಲಿ ಇವನು ಚೀಲದಿಂದ ಒಂದು ಕಾಗದ ತೆಗೆದ. ಆ ರಾಣಿಯ ಮದುವೆಗೆ ಮೊದಲು ಸ್ಕಾಟ್ಲೆಂಡಿನವರು ಇಂಗ್ಲೆಂಡಿನವರಿಂದ ಒಂದು ಒಪ್ಪಂದ ಬರೆಸಿಕೊಂಡಿದ್ದರಂತೆ: ಮದುವೆಯಾದರೂ ನಮ್ಮ ರಾಜ್ಯ ಬೇರೆಯೇ, ಸ್ವತಂತ್ರವೇ, ಯಾರಿಗೂ ಅಧೀನವಲ್ಲ ಎಂದು. ಅದೇ ಮಾದರಿಯಲ್ಲಿ ನನ್ನ ಮಗಳಿಗೂ ಬರೆದಿದ್ದ! ಎದ್ದು ನಿಂತು ಓದಿದ.

"ಒಂದು. ಹುಡುಗಿ ಹೆಸರು ಹುಡುಗಿದ. ಎರಡು. ಆಕಿ ನೌಕರಿ ಬಿಡಸೂ ಹಕ್ಕು ಗಂಡಗೂ ಇಲ್ಲ, ಅತ್ತೀಗೂ ಇಲ್ಲ. ಮೂರು. ಅಡಗಿಮನಿ ಇಬ್ಬರದೂ, ಅದರಾಗ ಹೊರಗಿನವರು ಪಂಚಾಯ್ತಿ ಮಾಡಬಾರದು. ನಾಕು. ತವರಮನಿಗೆ ಹೋಗಲಿಕ್ಕೆ ಯಾರ ಅಪ್ಪಣಿನೂ ಬೇಕಿಲ್ಲ."

ಬೀಗರು ಕಾಫಿ ಲೋಟ ಕೆಳಗಿಟ್ಟರು. "ಏನ್ ಸಾರ್ ಇದು? ನಾವು ಸಂಬಂಧ ಮಾಡ್ತಿದೀವಾ, ಇಲ್ಲಾ ಯುದ್ಧ ನಿಲ್ಲಿಸ್ತಿದೀವಾ?"

"ಎರಡೂ ಒಂದ ರೀ!" ಎಂದ ನನ್ನ ತಮ್ಮ, ಬಹಳ ಸಂತೋಷದಿಂದ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಯೋಚನೆ ಮಾಡಿ ಫೋನ್ ಮಾಡ್ತೀವಿ" ಎಂದು ಬೀಗರು ನಮ್ಮನ್ನು ಬಾಗಿಲವರೆಗೆ ಬಿಟ್ಟರು. ಹನ್ನೊಂದು ದಿನ ಫೋನಿಲ್ಲ. ಮಗಳು ಸರಿಯಾಗಿ ಊಟ ಮಾಡಲಿಲ್ಲ, ನನ್ನ ಜೊತೆ ಮಾತಾಡಲಿಲ್ಲ. ನಾನು ತಮ್ಮನಿಗೆ ಫೋನ್ ಮಾಡಿ, ನಮ್ಮಪ್ಪನೂ ಅವನಿಗೆ ಬೈಯದಷ್ಟು ಬೈದೆ. "ಯಾರೋ ಸತ್ತ ಹುಡುಗಿಗಾಗಿ ಬದುಕಿರೋ ಹುಡುಗಿ ಮದವಿ ಕೆಡಿಸಿದಿ! ಇನ್ನ ನನ್ನ ಮನಿ ಹೊಸ್ತಿಲ ತುಳೀಬ್ಯಾಡ!" ಅದೇ ಮೊದಲು ಅವನು ಸ್ಕಾಟ್ಲೆಂಡಿನ ಹೆಸರೆತ್ತದೆ ಫೋನಿಟ್ಟದ್ದು.

ಹನ್ನೆರಡನೆಯ ದಿನ ಬೀಗಿತ್ತಿಯ ಫೋನ್ ಬಂತು. ಮೊದಲ ರಿಂಗಿಗೇ ಎತ್ತಿದೆ.

"ನಮ್ದೇನೂ ಅಭ್ಯಂತರ ಇಲ್ಲ ಕಣ್ರೀ, ಇವ್ರಿಗೆ ಸ್ವಲ್ಪ ಮುನಿಸು ಬಂದಿತ್ತು ಅಷ್ಟೆ. ಒಂದ್ ಸಹಾಯ ಮಾಡ್ತೀರಾ? ಆ ಕಾಗದದ್ದು ಇನ್ನೊಂದು ಕಾಪಿ ಕಳ್ಸಿ. ನನ್ ಮಗಳಿಗೂ ಗಂಡು ನೋಡ್ತಾ ಇದೀವಿ."

ಮದುವೆ ಆಯಿತು. ನನ್ನ ತಮ್ಮನೇ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತಂದ. ಕರೆದೇ ಕರೆದೆ, ಏನು ಮಾಡಲಿ, ಇರುವವನೊಬ್ಬನೇ ಸೋದರಮಾವ! ಮರುದಿನ ಬೆಳಿಗ್ಗೆ ಗಂಡಹೆಂಡತಿ ಸಾಮಾನು ತುಂಬಿಕೊಂಡು ಆಸ್ಟಿನ್‌ಗೆ ಹೊರಟು ನಿಂತರು. ನೋಡುತ್ತೇನೆ, ಅವರ ಕಾರಿನ ಹಿಂದೆ ಇವನ ಹಳೇ ಕಾರು! ಹಿಂದಿನ ಸೀಟಿನಲ್ಲಿ ಹಾಸಿಗೆ ಸುರುಳಿ, ದಿಂಬು.

"ಎಲ್ಲಿಗೋ?"

"ಹುಡುಗಿ ಜೋಡಿ. ನಾಕ ದಿನಾ ಇದ್ದ ಬರ್ತೇನಿ."

ಮಗಳು ನಕ್ಕಳು. "ಮಾಮಾ, ಇಟ್ಸ್ ಜಸ್ಟ್ ತ್ರೀ ಅವರ್ಸ್!" ಎಂದು ಹೇಳಿ ಗಂಡನ ಮುಖ ನೋಡಿದಳು. ಇಬ್ಬರೂ ಕಾರಿನಲ್ಲಿ ಕೂತರು. ನಾನು ಇವನನ್ನು ಗರಾಜಿನ ಮೂಲೆಗೆ ಎಳೆದೆ.

"ಹೊಸಾ ಮದವಿ ಆದವರ ಮನ್ಯಾಗ ನೀ ಹೋಗಿ ಕೂಡ್ತಿಯೇನ? ನಾಚಿಕಿ ಆಗಂಗಿಲ್ಲ? ಆ ನಾರ್ವೆ ಹುಡುಗಿ ಸತ್ತಳಪ್ಪಾ, ಸತ್ತಳು! ನಾಕ ನೋಟ್‌ಬುಕ್ ಬರದರೂ ಆಕಿ ಎದ್ದ ಬರಂಗಿಲ್ಲ. ಯಾಕೋ ಇಷ್ಟ ಹುಚ್ಚು ನಿನಗ?"

ಅವನು ತಲೆ ತಗ್ಗಿಸಿ ಕಾರಿನ ಕೀಲಿ ತಿರುಗಿಸುತ್ತ ನಿಂತ.

"ನೀ ಮದವಿ ಆಗಿ ಒಬ್ಬಾಕಿನ ಇಲ್ಲಿಗೆ ಬರೂವಾಗ ಮುಂಬಯಿತನಾ ನಾ ಬರಬೇಕಂತ ಆಗಿತ್ತಕ್ಕಾ. ಕಾಲೇಜಿನ ಕ್ರಿಕೆಟ್ ಫೈನಲ್ ಇತ್ತು. ಬರಲಿಲ್ಲ. ನೀ ಬರದ ಮೊದಲನೇ ಕಾಗದದಾಗ ಒಂದ ಸಾಲ ಇತ್ತು. 'ವಿಮಾನದಾಗ ಜ್ವರಾ ಬಂದು ಭಾಳ ತ್ರಾಸಾತು, ನಮ್ಮವರಂತ ಮಗ್ಗಲಿಗೆ ಯಾರೂ ಇರಲಿಲ್ಲ' ಅಂತ."

ನಾನು ಹಾಗೆ ಬರೆದದ್ದು ನನಗೇ ನೆನಪಿರಲಿಲ್ಲ. ಮೂವತ್ತು ವರ್ಷವಾಯಿತು. ಜ್ವರ ಬಂದದ್ದೂ ಮರೆತಿತ್ತು.

"ನಾ ಏನ್ ಸಾಯಲಿಲ್ಲಲ್ಲೋ," ಎಂದೆ. ಗದರಿಸಬೇಕೆಂದೇ ಹೇಳಿದೆ, ಸ್ವರ ಬೇರೆಯಾಗಿ ಬಂತು.

"ಹೌದು. ನೀ ಊರ ಮುಟ್ಟಿದಿ. ಆಕಿ ಮುಟ್ಟಲಿಲ್ಲ. ಆಕಿ ಕಥಿ ಓದಿದಾಗ ನನಗ ನಿನ್ನ ಕಾಗದ ನೆನಪಾತು, ಅಷ್ಟ."

ಈ ಹುಚ್ಚನನ್ನು ಇಷ್ಟು ವರ್ಷ ನಾನು ಆಡಿಕೊಂಡೆನಲ್ಲ! ಒಳಗೆ ಹೋಗಿ ಬುತ್ತಿ ಕಟ್ಟಿ ತಂದೆ. ಅವನು ಅಡಿಗೆಮನೆಯ ಕಟ್ಟೆಯ ಮೇಲೆ ಮರೆತಿದ್ದ ಶುಂಠಿ ಡಬ್ಬಿಯನ್ನೂ ತಂದು ಅವನ ಜೇಬಿಗೆ ಹಾಕಿದೆ. "ನಾಕ ದಿನಾ ಪೂರ್ತಿ ಇದ್ದ ಬಾ," ಎಂದೆ.

ಎರಡು ಕಾರುಗಳೂ ಒಂದರ ಹಿಂದೊಂದು ತಿರುವಿನಲ್ಲಿ ಮರೆಯಾದವು. ಮಧ್ಯಾಹ್ನ ಊಟಕ್ಕೆ ಕೂತಾಗ ಫೋನ್ ಬಂತು. ಮಗಳದಲ್ಲ, ಅವನದು.

"ಅಕ್ಕಾ," ಎಂದ. "ಹುಡುಗಿ ಆರಾಮ ಮುಟ್ಟಿದಳವ್ವಾ."