ಕಾಕಾ ಮತ್ತು ಡಿಸ್ಕ್ ನುಂಗಿದ ಕಂಪ್ಯೂಟರ್

ನಮ್ಮ ಕಾಕಾ ರಿಪೇರಿ ಮಾಡಿದ ಯಂತ್ರ ಮತ್ತೊಮ್ಮೆ ಕೆಡುವುದಿಲ್ಲ. ಕೆಡಲು ಅದರಲ್ಲಿ ಏನಾದರೂ ಉಳಿದಿರಬೇಕಲ್ಲ! ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಗೋಡೆ ಗಡಿಯಾರ, ಎಲ್ಲವೂ ಅವರ ಕೈಯಲ್ಲೇ ಸದ್ಗತಿ ಪಡೆದಿವೆ. ಹಾಗಂತ ಅವರೇನು ರಿಪೇರಿ ಕಲಿತವರಲ್ಲ. ಬೇಗಂ ಬಜಾರಿನಲ್ಲಿ ಹಿತ್ತಾಳೆ, ಸ್ಟೀಲು ಪಾತ್ರೆಗಳ ಸಗಟು ವ್ಯಾಪಾರಿ. ಕೊಡವನ್ನು ಬೆರಳ ಗೆಣ್ಣಿನಿಂದ ಬಾರಿಸಿ, ಕಿವಿಗೊಟ್ಟು, ಒಡಕು ಎಲ್ಲಿದೆ ಎಂದು ಹೇಳಬಲ್ಲವರು. ಅಂಗಡಿಯಲ್ಲಿ ಅದು ಸರಿ. ಆದರೆ ಲೋಕವೆಲ್ಲ ಪಾತ್ರೆಯೇ?

ಕಾಕಾ ಪ್ರಕಾರ ಹೌದು! ಕಲ್ಲಂಗಡಿ ಬಾರಿಸುತ್ತಾರೆ, ಹೋಗಲಿ, ಅದನ್ನು ಎಲ್ಲರೂ ಬಾರಿಸುತ್ತಾರೆ. ಇವರು ಹೊಸ ಫ್ರಿಜ್ಜನ್ನು ಬಾರಿಸುತ್ತಾರೆ, ಬಾಡಿಗೆ ಮನೆಯ ಗೋಡೆಯನ್ನು ಬಾರಿಸುತ್ತಾರೆ. ನನ್ನನ್ನು ನೋಡಲು ಬಂದ ವರನ ಬೆನ್ನನ್ನೂ “ಹೆಂಗದೀರಿ?” ಎಂದು ಮಾತಾಡಿಸುವ ನೆಪದಲ್ಲಿ ಬಾರಿಸಿ, ಒಳಗೆ ಬಂದು, “ಆವಾಜ್ ಖಾಲಿ ಐತಿ” ಎಂದು ವರದಿ ಒಪ್ಪಿಸಿದವರು. (ಆ ವರನನ್ನೇ ಮದುವೆಯಾಗಿ ಕೊಂಡಾಪುರದಲ್ಲಿ ಸಂಸಾರ ಮಾಡುತ್ತಿದ್ದೇನೆ. ಕಾಕಾ ಹೇಳಿದ್ದು ಪೂರ್ತಿ ಸುಳ್ಳು ಎನ್ನಲಾರೆ.)

ಕಳೆದ ತಿಂಗಳು ಕಾಕೂಗೆ, ಅಂದರೆ ಕಾಕಾನ ಹೆಂಡತಿಗೆ, ಎದೆನೋವು ಬಂತು. ದವಾಖಾನೆಯಲ್ಲಿ ಆಂಜಿಯೋಗ್ರಾಮ್ ಮಾಡಿ, ಎದೆ ಕೊಯ್ದು ಆಪರೇಷನ್ ಮಾಡಬೇಕು ಎಂದರು. ಹೃದಯದ ಚಿತ್ರಗಳಿದ್ದ ಡಿಸ್ಕೊಂದನ್ನು ಕೈಗಿಟ್ಟು ಕಳಿಸಿದರು. ಇನ್ನೊಬ್ಬ ದೊಡ್ಡ ಡಾಕ್ಟರನ್ನು ಕೇಳಿ ನೋಡೋಣವೆಂದು ಓಡಾಡಿ, ಅವರಿವರ ಕೈಕಾಲು ಹಿಡಿದು, ಆ ಡಾಕ್ಟರ ಬಳಿ ಒಂದು ಸಂಜೆಯ ಸಮಯ ಪಡೆದೆವು. ಮರುದಿನವೇ ಅವರು ವಿದೇಶಕ್ಕೆ ಹೊರಟವರು. ಡಿಸ್ಕ್ ಇಲ್ಲದಿದ್ದರೆ ಬರಲೇಬೇಡಿ ಎಂದು ಅವರ ಕಡೆಯವರು ಮೊದಲೇ ಎಚ್ಚರಿಸಿದ್ದರು.

ಡಾಕ್ಟರನ್ನು ಕಾಣಬೇಕಾದ ದಿನವೇ ಮಧ್ಯಾಹ್ನ ಕಾಕಾ ಆ ಡಿಸ್ಕನ್ನು ಮನೆಯ ಹಳೆಯ ಕಂಪ್ಯೂಟರಿಗೆ ತಿನ್ನಿಸಿದರು!

ಇಬ್ಬರನ್ನೂ ಡಾಕ್ಟರ ಬಳಿ ಕರೆದೊಯ್ಯಲು ನಾನು ಹೋದಾಗ ಕಂಡದ್ದೇನು? ಕಂಪ್ಯೂಟರಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು, ನಾಣ್ಯ ನುಂಗಿದ ಕೂಸಿಗೆ ಮಾಡುವಂತೆ ಕಾಕಾ ಅದರ ಬೆನ್ನು ತಟ್ಟುತ್ತಿದ್ದರು. ಡಿಸ್ಕನ್ನು ಒಳಗೆಳೆದುಕೊಂಡ ಡ್ರೈವು ಒಮ್ಮೆ ಗರ್ರೆಂದು ಸುಮ್ಮನಾಗಿತ್ತಂತೆ. ಚಿತ್ರವೂ ಬರಲಿಲ್ಲ, ಗುಂಡಿ ಒತ್ತಿದರೆ ಬಾಯಿಯೂ ಬಿಡಲಿಲ್ಲ. ಪೆಟ್ಟಿಗೆಯ ಹಣೆಗೆ ವಿಭೂತಿ ಆಗಲೇ ಬಿದ್ದಿತ್ತು.

“ಎಲ್ಲಾ ಕಡೆ ಬಾರಿಸಿ ನೋಡೀನಿ. ಒಡಕಿಲ್ಲ. ಹಟ ಮಾಡಾಕತ್ತೈತಿ, ಅಷ್ಟಽ” ಎಂದರು ಕಾಕಾ.

“ಇದನ್ನ ಮನ್ಯಾಗ ಹಾಕಂತ ಯಾರು ಹೇಳಿದ್ರು ನಿಮಗ?”

“ಮಾಲು ಬಿಚ್ಚಿ ನೋಡದಽ ಮುಂದ ಸಾಗಸಾಂಗಿಲ್ಲ. ನಮ್ಮ ಅಂಗಡಿ ಪದ್ಧತಿ.”

“ಕಾಕೂ ಏನು ಮಾಲೇನ್ರಿ?”

“ಹೌದವ್ವಾ,” ಅಡುಗೆಮನೆಯಿಂದ ಕಾಕೂನ ದನಿ ಬಂತು, “ವಾಪಸ್ ಕಳಸಾಕ ಬರದಂಥ ಮಾಲು!”

ನಾನು ಫೋನಿನಲ್ಲಿ ಹುಡುಕಿದೆ. ಡ್ರೈವಿನ ಮುಂಭಾಗದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಕರೆಂಟು ಪೂರ್ತಿ ತೆಗೆದು, ನೆಟ್ಟಗೆ ಮಾಡಿದ ಜೆಮ್ ಕ್ಲಿಪ್ಪನ್ನು ಅದರಲ್ಲಿ ತೂರಿಸಿ ಒತ್ತಿದರೆ ಡಿಸ್ಕ್ ಹೊತ್ತ ತಟ್ಟೆ ಹೊರಬರುತ್ತದೆ. ಇಷ್ಟೇ!

“ಕಾಕಾ, ಮೊದಲ ಕರೆಂಟ್ ತಗೀರಿ. ನಾ ಕ್ಲಿಪ್ ಹುಡುಕಿ ತರ್ತೀನಿ.”

“ಕರೆಂಟ್ ಇದ್ರೇನಾಕ್ಕೈತಿ?”

“ಕಾಕಾ, ನಾ ಫಿಸಿಕ್ಸ್ ಎಂ.ಎಸ್ಸಿ. ಮಾಡೀನಿ!”

“ನೀ ಓದಿದ್ದು ಪುಸ್ತಕದ ಕರೆಂಟ್. ಇದು ಮನಿ ಕರೆಂಟ್. ನನ್ನ ಮಾತು ಕೇಳತೈತಿ.”

“ತಗದ್ರೋ ಇಲ್ಲೋ?”

“ತಗದೆನವ್ವಾ, ತಗದೆ! ನೋಡಲ್ಲೆ, ಕತ್ತಲಾತು.”

ಕತ್ತಲಾದದ್ದು ಪರದೆ. ಪುಣ್ಯಾತ್ಮರು ಆರಿಸಿದ್ದು ಪರದೆಯ ಗುಂಡಿಯನ್ನು! ಪೆಟ್ಟಿಗೆ ಜೀವಂತವಾಗಿಯೇ ಇತ್ತು. ತಲೆಯ ಮೇಲಿನ ಫ್ಯಾನಿನ ಗದ್ದಲದಲ್ಲಿ ಅದರ ಗುಂಯ್ ಸದ್ದು ನನಗೆ ಕೇಳಿಸಲಿಲ್ಲ.

ನಾನು ಒಳಕೋಣೆಯಲ್ಲಿ ಕ್ಲಿಪ್ ಹುಡುಕುತ್ತಿದ್ದೆ. ಕಾಯುವ ಪೈಕಿಯೇ ನಮ್ಮ ಕಾಕಾ? ಪಾತ್ರೆಯ ಕಟ್ಟು ಬಿಗಿಯುವ ಕಬ್ಬಿಣದ ತಂತಿ ತಂದಿದ್ದಾರೆ. ಅದು ಮುಂದಿನ ತೂತಿಗೆ ದಪ್ಪವಾಗಿದೆ. ಪೆಟ್ಟಿಗೆ ತಿರುಗಿಸಿ ನೋಡಿದರೆ ಹಿಂದೆ ಜಾಲರಿಯ ತುಂಬ ತೂತುಗಳೇ ತೂತುಗಳು! ತಲೆಬಾಗಿಲು ತೆರೆಯದಿದ್ದರೆ ಹಿತ್ತಿಲ ಬಾಗಿಲಿನಿಂದ ಹೋಗಬೇಕಲ್ಲವೇ? ಕರೆಂಟು ಒಳಬರುವ ಜಾಗವೇ ಅದು ಎಂದು ಹಿತ್ತಾಳೆ ಕೊಡ ಯಾವತ್ತೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ನಾನು ಬಾಗಿಲಿಗೆ ಬರುವುದಕ್ಕೂ “ಚಟ್!” ಎಂದು ನೀಲಿ ಕಿಡಿ ಹಾರುವುದಕ್ಕೂ ಸರಿಹೋಯಿತು. ಕಾಕಾ ಬಾಯಿ ತೆರೆದಿದ್ದರು, ದನಿ ಇಲ್ಲ. ಮೈ ನಡುಗುತ್ತಿತ್ತು, ತಂತಿ ಹಿಡಿದ ಬೆರಳು ಬಿಡುತ್ತಿರಲಿಲ್ಲ. ಅಡುಗೆಮನೆಯಿಂದ ಓಡಿ ಬಂದ ಕಾಕೂ “ರೀ!” ಎಂದು ಅವರ ತೋಳಿನತ್ತ ಕೈ ಚಾಚಿದರು. ನಾನು ಕಾಕೂನ ಸೆರಗು ಹಿಡಿದು ಹಿಂದಕ್ಕೆ ಜಗ್ಗಿದೆ. ಅಷ್ಟರಲ್ಲಿ ಮೇನ್ ಸ್ವಿಚ್ ತಾನಾಗಿ ಬಿತ್ತು. ಫ್ಯಾನು ನಿಂತಿತು. ಕಾಕಾ ಗೋಡೆಗೆ ಹೋಗಿ ಬಿದ್ದರು.

ಈಗಲೂ ಮಿಕ್ಸರಿನ ಪ್ಲಗ್ ಹಾಕುವಾಗ ಆ ಚಾಚಿದ ಕೈ ನನ್ನ ಕಣ್ಣ ಮುಂದೆ ಬರುತ್ತದೆ. ಬಳೆಗಳಿಗೂ ಆ ತೋಳಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಸೆರಗು ನನ್ನ ಕೈಗೆ ಸಿಗದೇ ಹೋಗಿದ್ದರೆ? ಮೇನ್ ಬೀಳದೇ ಹೋಗಿದ್ದರೆ? ಚಟ್ನಿ ರುಬ್ಬುವುದನ್ನು ಅಲ್ಲಿಗೇ ಬಿಟ್ಟು ಕೂತುಬಿಡುತ್ತೇನೆ.

ಗೋಡೆಗೊರಗಿದ ಕಾಕಾ ಕಪ್ಪಾದ ಬೆರಳುಗಳನ್ನು ನೋಡಿಕೊಂಡರು. ಬಾಯಿಂದ ಬಂದ ಮೊದಲ ಮಾತು, “ಡಿಸ್ಕ್ ಹೊರಗ ಬಂತೇನು?”

“ಜೀವ ಹೊರಗ ಬರೋದೊಂದು ಬಾಕಿ ಇತ್ತು!” ಎಂದು ಕಿರುಚಿದೆ.

“ಕರೆಂಟ್ ಮಾತ್ರ ಭಾಳ ಚಲೋ ಐತಿ,” ಎಂದು ಸರ್ಟಿಫಿಕೇಟು ಬೇರೆ!

ನಾನು ಪ್ಲಗ್ ಕಿತ್ತು, ಕ್ಲಿಪ್ಪನ್ನು ಮುಂದಿನ ತೂತಿಗೆ ತೂರಿಸಿ ಒತ್ತಿದೆ. ತಟ್ಟೆ ಮೆಲ್ಲಗೆ ನಾಲಿಗೆ ಚಾಚಿತು. ಡಿಸ್ಕಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅಡುಗೆಮನೆಗೆ ಹೋಗಿ, ನೀರು ಕುಡಿಯುತ್ತ ಕೂತಿದ್ದ ಕಾಕೂನ ಮುಂದೆ ಸಿಟ್ಟೆಲ್ಲ ಕಾರಿಕೊಂಡೆ.

“ಇಂಥವರನ್ನ ಹೆಂಗ ಸಹಿಸ್ಕೊಂಡೀರಿ ಕಾಕೂ? ದವಾಖಾನ್ಯಾಗ ಆ ಚಿತ್ರ ಒಮ್ಮೆ ನೋಡಿದ್ದು ಸಾಲಲಿಲ್ಲೇನು ಇವರಿಗೆ?”

“ಅಲ್ಲಿ ಅವರು ನೋಡಿಲ್ಲವ್ವಾ,” ಎಂದರು ಕಾಕೂ. “ಡಾಕ್ಟರ್ ಚಿತ್ರ ತೋರಸಾಕ ಪರದೆ ಹಚ್ಚಿದ ಕೂಡ್ಲೆ, ಫೋನ್ ಬಂತಂತ ಹೊರಗ ಹ್ವಾದ್ರು. ಅವರ ಫೋನು ನನ್ನ ಬ್ಯಾಗಿನ್ಯಾಗ ಇತ್ತು.”

ನಾನು ಅವರ ಪಕ್ಕದಲ್ಲಿ ಕೂತೆ.

“ಇವತ್ತು ನನ್ನ ಬಾಜೂಕ ಕುಂದ್ರಬೇಕಲ್ಲ. ಅದಕ್ಕಽ ಮೊದಲ ಒಬ್ಬರಽ ನೋಡಿ ಧೈರ್ಯ ತಂದ್ಕೊಳ್ಳಾಕ ಹೊಂಟಿದ್ರು. ನನಗ ತಿಳಿದಿಲ್ಲ ಅಂದ್ಕೊಂಡಾರ.”

ಸಂಜೆ ದೊಡ್ಡ ಡಾಕ್ಟರ ಕೋಣೆಯಲ್ಲಿ ಪರದೆ ಬೆಳಗಿತು. ಬೂದು ಬಣ್ಣದ ನಡುವೆ ಬೇರಿನಂಥ ಕಪ್ಪು ನಾಳಗಳು ಮಿಸುಕಾಡಿದವು. ಕಾಕಾನ ಮುಖ ಬಿಳುಚಿದ್ದು ಕಂಡು ಡಾಕ್ಟರು, ಬೇಕಾದರೆ ಹೊರಗೆ ಕೂರಬಹುದು ಎಂದರು.

“ನಕ್ಕೋ ಸಾಬ್, ಮೈಂ ದೇಖ್ತೂಂ,” ಬೇಡ, ನೋಡುತ್ತೇನೆ ಎಂದು ಕಾಕಾ ತಮ್ಮ ಬಜಾರಿನ ಹಿಂದಿಯಲ್ಲಿ ಹೇಳಿದರು. ಮುಲಾಮು ಹಚ್ಚಿದ ಕೈಯಲ್ಲಿ ಕಾಕೂನ ಕುರ್ಚಿಯ ತೋಳನ್ನು ಹಿಡಿದುಕೊಂಡಿದ್ದರು.

ಎದೆ ಕೊಯ್ಯುವುದು ಬೇಡ, ಒಂದು ಸ್ಟೆಂಟ್ ಹಾಕಿದರೆ ಸಾಕು ಎಂದರು ಡಾಕ್ಟರು. ನಾನು ಕಣ್ಣೊರೆಸಿಕೊಂಡೆ. ಕಾಕೂ ಎದ್ದು, ಹೊರಗೆ ಮಂದಿ ಕಾಯುತ್ತಿದ್ದಾರೆ ಏಳಿ ಎಂದು ಕಾಕಾನ ಭುಜ ಮುಟ್ಟಿದರು. ಕಾಕಾ ಏಳಲಿಲ್ಲ. ಪರದೆಯಿಂದ ಕಣ್ಣು ಕೀಳಲೂ ಇಲ್ಲ.

“ಇನ್ನೊಮ್ಮೆ ತೋರಸ್ರಿ,” ಎಂದರು, ಆ ಡಾಕ್ಟರಿಗೆ ಕನ್ನಡ ಬರುವುದಿಲ್ಲ ಎಂಬುದನ್ನೇ ಮರೆತು.