ಎಂಬತ್ತೆಂಟರ ಕಾರ್ಬನ್ ಸೈಕಲ್ಲು

ಎರಡು ಸಾವಿರದ ನಾಲ್ಕನೇ ಇಸವಿ ರಾಜ್ಯೋತ್ಸವದ ಬೆಳಗ್ಗೆ, ಚಿತ್ರದುರ್ಗದ ಏಳು ಸುತ್ತಿನ ಕೋಟೆಯೇ ಬೆಚ್ಚಿಬಿದ್ದು ಎಂಟನೇ ಸುತ್ತು ಕಟ್ಟಿಕೊಳ್ಳೋಣವೇ ಎಂದು ಯೋಚಿಸುವಂಥ ಕಿರುಚಾಟವೊಂದು ತಾಲ್ಲೂಕು ಕಚೇರಿಯ ಟೈಪಿಸ್ಟ್ ನಿರಂಜನನ ಮನೆಯಿಂದ ಕೇಳಿಬಂತು. ಕಾರಣ ತೀರಾ ಸಣ್ಣದು. ನಿರಂಜನನ ಸೈಕಲ್ಲಿಗೆ ಸ್ಟ್ಯಾಂಡ್ ಇರಲಿಲ್ಲ. ಗೋಡೆಗೆ ಒರಗಿಸಿದ್ದ ಸೈಕಲ್ಲು ರಾತ್ರಿಯೆಲ್ಲ ಮರ್ಯಾದೆಯಿಂದ ನಿಂತಿದ್ದು, ಬೆಳಗಾಗುತ್ತಲೇ ಮೆಲ್ಲಗೆ ಜಾರಿ, ಟಗರಿನ ಕೊಂಬಿನಂತೆ ಬಾಗಿದ ತನ್ನ ಹ್ಯಾಂಡಲನ್ನು ದೋಸೆ ಹಿಟ್ಟಿನ ಪಾತ್ರೆಯೊಳಗೆ ಕುತ್ತಿಗೆಮಟ್ಟ ಅದ್ದಿಕೊಂಡಿತ್ತು.

ಅಷ್ಟೇ ಆಗಿದ್ದರೆ ಹೆಂಡತಿ ಅನುಸೂಯ ಸಹಿಸಿಕೊಳ್ಳುತ್ತಿದ್ದಳು. ಆದರೆ ಓಡಿಬಂದ ನಿರಂಜನ ನೆಲದ ಮೇಲೆ ಹರಿಯುತ್ತಿದ್ದ ಹಿಟ್ಟನ್ನು ಹೊಳೆ ದಾಟುವವನಂತೆ ದಾಟಿ, ಹೊಸ ಟವೆಲಿನಿಂದ ಹ್ಯಾಂಡಲ್ ಒರೆಸುತ್ತ, "ಅಯ್ಯೋ, ಎಂಬತ್ತೆಂಟರ ಹ್ಯಾಂಡಲ್ ಪಟ್ಟಿ ಕಣೇ ಇದು! ಹುಳಿ ಹಿಟ್ಟು ಇದಕ್ಕೆ ಆಗಿಬರಾಕಿಲ್ಲ!" ಎಂದುಬಿಟ್ಟ.

"ನಾನು ಈ ಮನೆಗೆ ಬಂದಿದ್ದು ತೊಂಬತ್ತೆಂಟರಾಗೆ," ಎಂದಳು ಅನುಸೂಯ. "ಹತ್ತು ವರ್ಷ ಮೊದಲೇ ಬಂದಿದ್ರೆ ನನ್ನೂ ಹಿಂಗೇ ಒರೆಸ್ತಿದ್ರೇನೋ!"

ಅವಳ ಸಂಕಟವೂ ಸುಳ್ಳಲ್ಲ. ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಫ್ಯಾನು ನಿಲ್ಲಿಸಲು ಬಂದಿದ್ದ ಫ್ರಾನ್ಸ್ ದೇಶದ ಇಂಜಿನಿಯರೊಬ್ಬ ಊರಿಗೆ ಹೊರಡುವಾಗ, ತನ್ನ ಕಾಗದಪತ್ರ ಟೈಪು ಮಾಡಿಕೊಟ್ಟ ಉಪಕಾರಕ್ಕೆಂದು ಒಂದು ಮುರುಕು ರೇಸ್ ಸೈಕಲ್ಲನ್ನು ನಿರಂಜನನ ಕೈಗಿಟ್ಟು ಹೋಗಿದ್ದ. ಚಕ್ರವಿಲ್ಲ, ಬ್ರೇಕಿಲ್ಲ, ಗೇರಿಲ್ಲ. ಬರೀ ಕರಿ ಅಸ್ಥಿಪಂಜರ. ಆದರೆ ಅದು ಕಬ್ಬಿಣದ್ದಲ್ಲ, ಕಾರ್ಬನ್ ನಾರಿನಿಂದ ಹೆಣೆದ ಮೈ. ಎರಡು ಬೆರಳಿಗೆ ಏಳುತ್ತಿತ್ತು. ಫ್ಯಾನು ಹಾಕಿದರೆ ಹಾರಿಹೋಗುತ್ತದೆಂದು ನಿರಂಜನ ಬೇಸಿಗೆಯಿಡೀ ಸೆಕೆಯಲ್ಲೇ ಮಲಗಿದ. "ಇದು ಎಂಬತ್ತೆಂಟರದ್ದು. ಆ ಕಾಲದ ಬಿಡಿಭಾಗವನ್ನೇ ಹಾಕು, ಬೇರೆ ಹಾಕಿದರೆ ಇದರ ಮಾನ ಹೋಗುತ್ತದೆ" ಎಂದು ಆ ಪುಣ್ಯಾತ್ಮ ಹೇಳಿದ್ದೇ ತಡ, ನಿರಂಜನನಿಗೆ ಅದು ವ್ರತವಾಯಿತು.

ಬ್ರೌಸಿಂಗ್ ಸೆಂಟರಿನ ಕುರ್ಚಿ ಅವನ ಬೆನ್ನಿನ ಆಕಾರಕ್ಕೆ ಬಗ್ಗಿತು. ಮುಂಬೈಯಿಂದ ಗೇರು ಬಂತು, ಇಟಲಿಯಿಂದ ಬ್ರೇಕು ಬಂತು, ಬೆಂಗಳೂರಿನ ಮಾಜಿ ರೇಸುಗಾರನೊಬ್ಬನ ಅಟ್ಟದಿಂದ ಚಕ್ರಗಳು ಬಂದವು. ಎಂಬತ್ತೊಂಬತ್ತರ ಸೀಟು ಬಂದಾಗ, ಮದುವೆಮನೆಗೆ ಕರೆಯದೆ ಬಂದವನನ್ನು ನೋಡುವಂತೆ ನೋಡಿ ವಾಪಸು ಕಳಿಸಿದ. ಪಡಸಾಲೆಯಲ್ಲಿ ಸೈಕಲ್ಲು ಎದ್ದು ನಿಂತಿತು; ಮನೆಮಂದಿ ಕೂರುವುದಕ್ಕೆ ಜಾಗವಿಲ್ಲದಾಯಿತು. ಇಷ್ಟಾದರೂ ನಿರಂಜನ ಒಮ್ಮೆಯೂ ಅದನ್ನು ಹತ್ತಿರಲಿಲ್ಲ. ಮೊದಲ ಸವಾರಿ ರೇಸಿನಲ್ಲೇ ಆಗಬೇಕೆಂಬುದು ಅವನ ಹಟ. ಆ ರೇಸು ಇವತ್ತು ಶಾಲಾ ಮೈದಾನದಲ್ಲಿತ್ತು.

ಅನುಸೂಯ ಹಿಟ್ಟು ಬಳಿದ ಬಟ್ಟೆಯನ್ನು ಹಿಂಡುತ್ತ ತೀರ್ಪು ಕೊಟ್ಟಳು. "ನೋಡ್ರೀ, ಇವತ್ತು ಗೆದ್ದು ಬಂದ್ರೆ ಇದು ಈ ಮನೆಯಾಗೆ ರಾಜನಂಗೆ ಇರ್ತೈತೆ, ನಾನು ತುಟಿ ಪಿಟಕ್ ಅನ್ನಲ್ಲ. ಸೋತ್ರೆ, ಸಂಜೆಗೆ ಗುಜರಿ ಗಾಡಿ ಕರಿತೀನಿ."

"ಗೆಲ್ಲೋದೇನು, ಮಿಕ್ಕೋರು ಹೊರಡೋದ್ರೊಳಗೆ ನಾನು ಹೊಳಲ್ಕೆರೆ ಮುಟ್ಟಿರ್ತೀನಿ," ಎಂದು ನಿರಂಜನ ಸೈಕಲ್ಲನ್ನು ಹೆಗಲಿಗೇರಿಸಿ ಹೊರಟ. ಉರುಳಿಸಿದರೆ ಟೈರಿಗೆ ಈ ಕಾಲದ ಧೂಳು ಅಂಟುತ್ತದಲ್ಲ!

ಮೊದಲು ಹೋದದ್ದು ಮೌಲಾ ಸಾಬರ ಸೈಕಲ್ ಶಾಪಿಗೆ. ದುರ್ಗದ ಅರ್ಧ ಸೈಕಲ್ಲುಗಳು ಮೌಲಾ ಸಾಬರ ಕೈಯಲ್ಲಿ ಪಂಕ್ಚರಾದವು, ಉಳಿದರ್ಧ ಅವರ ಕೈಯಲ್ಲಿ ರಿಪೇರಿಯಾದವು ಎಂಬ ಮಾತಿತ್ತು.

"ಗಾಳಿ ಹೊಡೀರಿ ಸಾಬ್ರೇ, ಹಿಟ್ಟು ತೊಳೀರಿ. ಬೇರೆ ಏನೂ ಮುಟ್ಟಬ್ಯಾಡ್ರಿ."

"ಗಾಳೀನೂ ಎಂಬತ್ತೆಂಟರದ್ದೇ ಬೇಕೇನು ನಿರಂಜನಣ್ಣ? ಅದು ಮುಗ್ದೋಗೈತೆ. ಈ ವರ್ಷದ್ದೇ ಐತೆ," ಎಂದರು ಮೌಲಾ ಸಾಬರು ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ.

ನಿರಂಜನ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಗಿಸಿ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಸೈಕಲ್ಲಿಗೆ ಡಬಲ್ ಸ್ಟ್ಯಾಂಡು, ಹಿಂದೆ ಹುಲ್ಲುಹೊರೆ ತಡೆಯುವಂಥ ಕ್ಯಾರಿಯರು, ಹ್ಯಾಂಡಲಿಗೆ ಗಂಟೆ! ಸಿಂಗಾರಗೊಂಡ ಮಗನನ್ನು ನೋಡುವ ತಂದೆಯಂತೆ ಮೌಲಾ ಸಾಬರು ಸೈಕಲ್ಲನ್ನು ನೋಡುತ್ತಿದ್ದರು.

"ದುಡ್ಡೇನೂ ಕೊಡಬ್ಯಾಡ್ರಿ. ನಮ್ಮ ಕಡೆಯಿಂದ ಮುಯ್ಯಿ. ಸ್ಟ್ಯಾಂಡಿಲ್ದ ಸೈಕಲ್ಲು, ಪಂಚೆ ಇಲ್ದ ಮದುಮಗ ಇದ್ದಂಗೆ. ನೋಡಕ್ಕೆ ನಮಗೇ ನಾಚಿಕೆ ಆಗ್ತಿತ್ತು."

"ಬಿಚ್ರಿ ಸಾಬ್ರೇ! ಕಾರ್ಬನ್ ಮೈಗೆ ನಟ್ಟು ಬಿಗಿದ್ರೆ ಬಿರುಕು ಬಿಡ್ತೈತೆ!"

"ಒಂದು ನಟ್ಟಿಗೆ ಬಿರುಕು ಬಿಡೋ ಸೈಕಲ್ಲಿನ ಮೇಲೆ ನಿಮ್ಮಂಥ ದೇಹ ಕುಂತ್ಕಂತೈತಾ?" ಎಂದು ಗೊಣಗುತ್ತ ಮೌಲಾ ಸಾಬರು ಎಲ್ಲವನ್ನೂ ಬಿಚ್ಚಿದರು. ಅಂಗಡಿಯನ್ನೂ ಮುಚ್ಚಿದರು. ಈ ತಮಾಷೆಯ ಕೊನೆ ನೋಡದೆ ಅವರಿಗೆ ಊಟ ಸೇರುವಂತಿರಲಿಲ್ಲ.

ಬೀದಿ ತಿರುಗಿದರೆ ಎದುರಿಗೆ ನಿಂಗಕ್ಕ. ನಿರಂಜನನ ಪಕ್ಕದ ಮನೆಯಾಕೆ; ಬೀದಿಗೆ ಯಾವ ಹೊಸ ಗಾಡಿ ಬಂದರೂ ಅದಕ್ಕೆ ಪೂಜೆ ಮಾಡುವ ಹಕ್ಕು ತನ್ನದೆಂದು ತಾನೇ ನಿರ್ಧರಿಸಿಕೊಂಡವಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಚೆಂಡುಹೂವು, ತೆಂಗಿನಕಾಯಿ.

"ಏನಪ್ಪ ನಿರಂಜನ, ಪೂಜೆ ಇಲ್ದಂಗೇ ಗಾಡಿ ಹೊರಗೆ ತೆಗೆದೀಯಾ? ನಿಲ್ಸು ಹಿಂಗೆ!" ಎಂದವಳೇ ಹ್ಯಾಂಡಲಿಗೆ ಕಾಯಿ ಒಡೆಯಲು ಕೈಯೆತ್ತಿದಳು. ನಿರಂಜನ ಯುದ್ಧಭೂಮಿಯಲ್ಲಿ ಮಗನಿಗೆ ಅಡ್ಡಬಿದ್ದ ತಾಯಿಯಂತೆ ಸೈಕಲ್ಲಿನ ಮೇಲೆ ಅಡ್ಡಬಿದ್ದ. ಕಾಯಿ ಅವನ ಬೆನ್ನಿಗೆ ಬಿತ್ತು. ಒಡೆಯಲಿಲ್ಲ.

"ಕಾಯಿ ಒಡೀಲಿಲ್ಲ, ಅಪಶಕುನ," ಎಂದು ನಿಂಗಕ್ಕ ಕಣ್ಣರಳಿಸಿದಳು. ದೋಷ ಕಳೆಯಲೆಂದು, ನಿರಂಜನ ಬೆನ್ನುಜ್ಜಿಕೊಳ್ಳುತ್ತಿರುವಾಗಲೇ, ಹ್ಯಾಂಡಲಿಗೆ ಹೂವು ಮುಡಿಸಿ, ಹಿಂದಿನ ಚಕ್ರದ ನಡುವೆ ತಾವರೆಯಂತೆ ಹಲ್ಲು ಬಿಟ್ಟುಕೊಂಡಿದ್ದ ಗೇರಿನ ತಟ್ಟೆಗಳ ಸಂದಿಗೆ ಅರಿಶಿನ ದಾರವನ್ನು ಸುತ್ತಿದಳು. ಎಷ್ಟು ಸುತ್ತು ಎಂದು ಕೇಳಬೇಡಿ. ಆ ದಾರದಲ್ಲಿ ಹಿರಿಯೂರಿನ ತನಕ ಗಾಳಿಪಟ ಬಿಡಬಹುದಿತ್ತು. ನಿರಂಜನ ಹೂವು ಕಿತ್ತೆಸೆದು ಸೈಕಲ್ಲನ್ನು ಹೆಗಲಿಗೇರಿಸಿದ. ದಾರ ಅವನ ಕಣ್ಣಿಗೆ ಬೀಳಲಿಲ್ಲ.

ಮೈದಾನದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದವರು ಡ್ರಿಲ್ ಮೇಷ್ಟ್ರು ಚಿಕ್ಕತಿಮ್ಮಪ್ಪನವರು. ಸೀಟಿ ಅವರ ಬಾಯಲ್ಲೇ ಹುಟ್ಟಿತ್ತೇನೋ, ಮಾತಾಡುವಾಗಲೂ ತೆಗೆಯುತ್ತಿರಲಿಲ್ಲ.

"ಯಾವ ಸೈಕಲ್ಲು?"

"ಕಾರ್ಬನ್ ಸಾರ್," ಎಂದ ನಿರಂಜನ ಎದೆಯುಬ್ಬಿಸಿ.

"ಕಾರ್ಬನ್ನಾ? ಡೂಪ್ಲಿಕೇಟು ನಡೆಯಂಗಿಲ್ಲ. ಒರಿಜಿನಲ್ ಎಲ್ಲೈತ್ರಿ?"

"ಇದೇ ಒರಿಜಿನಲ್ ಸಾರ್!"

"ರೀ, ನೀವು ಟೈಪಿಸ್ಟು. ದಿನಾ ಕಾರ್ಬನ್ ಇಟ್ಟು ಟೈಪ್ ಹೊಡೀತೀರಿ. ಮೇಲಿನ ಹಾಳೆ ಒರಿಜಿನಲ್ಲು, ಕೆಳಗಿಂದು ಕಾರ್ಬನ್ನು. ಒಂದೇ ಹಾಳೆ ಮೇಲೂ ಕೆಳಗೂ ಇರಾಕಾಗ್ತೈತೇನ್ರಿ?"

"ಸಾರ್, ಇದರ ಮೈ ಕಾರ್ಬನ್ನು, ಮಿಕ್ಕಿದ್ದೆಲ್ಲ ಒರಿಜಿನಲ್ಲು! ಒಂದು ಸ್ಕ್ರೂ ಕೂಡ ಎಂಬತ್ತೆಂಟರ ಈಚೀದಲ್ಲ! ಕೇಬಲ್ಲು ಎಂಬತ್ತೆಂಟರದ್ದು, ಪೆಡಲ್ಲು ಎಂಬತ್ತೆಂಟರದ್ದು…"

"ಹಳೇದು ಅನ್ರಿ ಮತ್ತೆ! ಅಷ್ಟು ಹೇಳಕ್ಕೆ ಇಷ್ಟು ಸುತ್ತು ಯಾಕೆ? ಹಳೇ ಸೈಕಲ್ಲಿನೋರು ಆ ಸಾಲಿನಾಗೆ ನಿಂತ್ಕಳ್ರಿ."

ಆ ಸಾಲನ್ನು ನೋಡಿ ನಿರಂಜನನಿಗೆ ನಗು ತಡೆಯಲಾಗಲಿಲ್ಲ. ಕ್ಯಾನು ನೇತುಹಾಕಿದ ಹಾಲಿನವನು, ಚೈನಿಗಿಂತ ಜಾಸ್ತಿ ಕೆಮ್ಮುವ ನಿವೃತ್ತ ಪೋಸ್ಟ್‌ಮ್ಯಾನು, ಬಾಗೂರಿನಿಂದ ನೆಂಟರ ಮನೆಗೆ ಬಂದಿದ್ದ ಕರಿಸಿದ್ದಪ್ಪ ಎಂಬ ರೈತ, ಹೀಗೆ ಐದಾರು ಜನ. 'ಇವರ ಜೊತೆಗಾ ರೇಸು! ಗೆದ್ದ ಮೇಲೆ ಒಂದು ನಿದ್ದೆ ತೆಗೆದು ಎದ್ದರೂ ಇವರು ಬಂದಿರೋದಿಲ್ಲ' ಎಂದುಕೊಂಡ. ಮೈಕಿನಲ್ಲಿ ಚಿಕ್ಕತಿಮ್ಮಪ್ಪನವರು ಸ್ಪರ್ಧೆಯ ಹೆಸರು ಹೇಳಿದರು. ಮೈಕು ಮೊದಲ ಪದವನ್ನು 'ಕರ್‌ರ್' ಎಂದು ನುಂಗಿಬಿಟ್ಟು, "…ಸೈಕಲ್ ಸ್ಪರ್ಧೆ" ಎಂಬಷ್ಟನ್ನು ಮಾತ್ರ ಉಗುಳಿತು.

ಹಿಂದಿನ ಸಂಜೆಯ ಮಳೆಗೆ ಮೈದಾನ ಕೆಸರಾಗಿದ್ದರಿಂದ ಸ್ಪರ್ಧೆಯನ್ನು ವೇದಿಕೆಯ ಮುಂದಿನ ಚಪ್ಪಡಿ ಕಲ್ಲಿನ ಹಾದಿಯಲ್ಲಿ ಇಟ್ಟಿದ್ದರು. ನಿರಂಜನ ಸೈಕಲ್ ಹತ್ತಿ, ಎರಡೂ ಪಾದಗಳನ್ನು ಪೆಡಲ್ಲಿಗೆ ತೊಗಲಿನ ಪಟ್ಟಿಯಿಂದ ಬಿಗಿದುಕೊಂಡ. ಆ ಕಾಲದ ರೇಸುಗಾರರು ಹಾಗೇ ಬಿಗಿದುಕೊಳ್ಳುತ್ತಿದ್ದರಂತೆ. ಹಿಂದಿನಿಂದ ಹಿಡಿದು ನಿಲ್ಲಿಸಿದವರು ಮೌಲಾ ಸಾಬರು. "ಅಲ್ಲಾಡ್ತೈತೆ ತಡೀರಿ," ಎಂದು ಒಂದಿಷ್ಟು ಪಕ್ಕಕ್ಕೆ ಸರಿಸಿ ಒತ್ತಿದರು. ಬೆರಳು ದಪ್ಪದ ಆ ಟೈರುಗಳೆರಡೂ ಎರಡು ಚಪ್ಪಡಿಗಳ ನಡುವಿನ ಸಂದಿಗೆ, ಅಳತೆ ಕೊಟ್ಟು ಹೊಲಿಸಿದಂತೆ, 'ಗಬಕ್' ಎಂದು ಇಳಿದುಕೊಂಡವು.

ಸೀಟಿ ಕೂಗಿತು. ನಿರಂಜನ ಸಿಂಹದಂತೆ ಗರ್ಜಿಸಿ ಪೆಡಲ್ ತುಳಿದ. ನಿಂಗಕ್ಕನ ದಾರ ಚೈನಿನೊಳಗೆ ನುಗ್ಗಿ, ಗೇರಿಗೆ ಸುತ್ತಿ, ಹಿಂದಿನ ಚಕ್ರವನ್ನು ಬೀಗ ಹಾಕಿದ ಹಾಗೆ ಹಿಡಿದುಕೊಂಡಿತು. ಇನ್ನೊಮ್ಮೆ ತುಳಿದ. ಕುತ್ತಿಗೆಯ ನರಗಳು ನುಲಿದ ಹಗ್ಗದಂತೆ ಎದ್ದವು. ಕೋಟೆಯ ಬಂಡೆಯಾದರೂ ಆ ಬಲಕ್ಕೆ ನಾಲ್ಕು ಗಜ ಸರಿಯುತ್ತಿತ್ತು. ಸೈಕಲ್ಲು ಕೂದಲೆಳೆಯಷ್ಟೂ ಸರಿಯಲಿಲ್ಲ. ಇಳಿಯೋಣವೆಂದರೆ ಕಾಲು ಬಿಗಿದಿದೆ. ಬೀಳೋಣವೆಂದರೆ ಚಪ್ಪಡಿ ಬಿಡುತ್ತಿಲ್ಲ.

ಪಕ್ಕದಲ್ಲಿ ಹಾಲಿನವನು ಒಂದು ಗೇಣು ಮುಂದೆ ಹೋದ. ನಿರಂಜನನ ಎದೆ ಒಡೆಯಿತು. ಕೆಮ್ಮುತ್ತ ಕೆಮ್ಮುತ್ತ ಪೋಸ್ಟ್‌ಮ್ಯಾನು ಎರಡು ಗೇಣು ಹೋದರು. ಬಸವನಹುಳು ತನ್ನನ್ನು ದಾಟುವುದನ್ನು ನೋಡುವುದಕ್ಕಿಂತ ದೊಡ್ಡ ಶಿಕ್ಷೆ ಲೋಕದಲ್ಲಿಲ್ಲ. ಕಣ್ಣ ಮುಂದೆ ಗುಜರಿ ಗಾಡಿ ಬಂತು. ಮುಂಬೈ ಗೇರು, ಇಟಲಿ ಬ್ರೇಕು ಎಲ್ಲ ತಗಡಿನ ಡಬ್ಬಗಳ ನಡುವೆ ಬಿದ್ದು ಅವನನ್ನು ಕೂಗಿದಂತಾಯಿತು.

"ಹಂಗೇ! ಹಂಗೇ! ಅಲ್ಲಾಡಬ್ಯಾಡಪ್ಪೋ!" ಎಂದು ಜನ ಕುಣಿಯುತ್ತಿದ್ದರು.

'ಆಡಿಕೊಳ್ರಿ, ಆಡಿಕೊಳ್ರಿ' ಎಂದುಕೊಂಡು ನಿರಂಜನ ಕಣ್ಣು ಮುಚ್ಚಿದ. ನೀರು ಕೆನ್ನೆಗಿಳಿಯಿತು.

ಪೋಸ್ಟ್‌ಮ್ಯಾನು ಕೆಮ್ಮಿನ ರಭಸಕ್ಕೆ ಕಾಲು ನೆಲಕ್ಕಿಟ್ಟರು. ಔಟ್! ಹಾಲಿನವನು ಕ್ಯಾನು ತೂಗಿ ಪಕ್ಕದವನ ಮೇಲೆ ಬಿದ್ದ. ಇಬ್ಬರೂ ಔಟ್! ಬಾಗೂರಿನ ಕರಿಸಿದ್ದಪ್ಪ ಬಹಳ ಹೊತ್ತು ಹಾವಿನಂತೆ ಬಳುಕಾಡಿ, ಕೊನೆಗೆ ನಿರಂಜನನ ಕಡೆ ತಿರುಗಿ ನೋಡಿ, "ಇವನು ಮನುಷ್ಯನಲ್ಲ ಬಿಡ್ರಪ್ಪ, ವಿಗ್ರಹ!" ಎಂದು ಕೈಮುಗಿದು ಸೈಕಲ್ಲಿನಿಂದಿಳಿದ.

ಕೊರಳಿಗೆ ಏನೋ ತಣ್ಣಗೆ ಬಿದ್ದಂತಾಗಿ ನಿರಂಜನ ಕಣ್ಣು ಬಿಟ್ಟ. ಹೂವಿನ ಹಾರ! ಚಿಕ್ಕತಿಮ್ಮಪ್ಪನವರು ಸೀಟಿಯನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಬಾಯಿಂದ ತೆಗೆದು ಕೂಗುತ್ತಿದ್ದರು: "ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಪ್ರಥಮ ಸ್ಥಾನ, ಟೈಪಿಸ್ಟ್ ನಿರಂಜನ್! ಮೂವತ್ತು ವರ್ಷದ ಸರ್ವೀಸಿನಾಗೆ ಇಂಥಾ ನಿಧಾನ ನಾನು ನೋಡಿಲ್ಲ!"

ಮುಖ್ಯ ಅತಿಥಿ, ಗ್ರಾನೈಟ್ ವ್ಯಾಪಾರಿ ದೊಡ್ಡತಿಮ್ಮಪ್ಪನವರು ಕಪ್ಪು ಕೊಡುತ್ತ ಭಾಷಣ ಮಾಡಿದರು: "ಎಲ್ರೂ ಮುಂದೆ ಹೋಗೋದ್ನೇ ನೋಡ್ತಾರೆ. ಇರೋ ಜಾಗದಾಗೆ ಗಟ್ಟಿಯಾಗಿ ಇರೋದು ಹೆಂಗೆ ಅಂತ ಈ ಸರ್ಕಾರಿ ನೌಕರರು ತೋರಿಸಿಕೊಟ್ಟವ್ರೆ!" ಚಪ್ಪಾಳೆಗೆ ಪಾರಿವಾಳಗಳು ಕೋಟೆ ಬಿಟ್ಟು ಹಾರಿದವು, ಕೆಲವು ಇನ್ನೂ ವಾಪಸಾಗಿಲ್ಲ.

"ನನ್ನ ದಾರದ ಮಹಿಮೆ!" ಎಂದಳು ನಿಂಗಕ್ಕ.

"ನಿಮ್ಮ ದಾರ ಏನ್ಮಾಡ್ತು? ಸಂದೀಗೆ ಕೂರಿಸಿದ್ದು ನಾನು!" ಎಂದರು ಮೌಲಾ ಸಾಬರು.

ಉರುಳದ ಸೈಕಲ್ಲನ್ನು ಜನ ಹೆಗಲ ಮೇಲೆ ಹೊತ್ತು, ತಮಟೆ ಬಡಿಸಿಕೊಂಡು ಮೆರವಣಿಗೆ ಹೊರಟರು. ಬೀದಿಬೀದಿಯಲ್ಲಿ ಆರತಿ. ನಿರಂಜನ ಕಪ್ಪು ಹಿಡಿದು ಹಿಂದೆ ನಡೆದುಬಂದ. ಅವನೆದೆ ಎಷ್ಟು ಉಬ್ಬಿತ್ತೆಂದರೆ ಬೀದಿ ತಿರುವಿನಲ್ಲಿ ಒಂದು ಆಟೋ ದಾರಿ ಬಿಟ್ಟು ನಿಂತಿತು.

ಅನುಸೂಯ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಪಡಸಾಲೆಯ ನಡುಮಧ್ಯೆ ರಂಗೋಲಿ ಬಿಟ್ಟು ಸೈಕಲ್ಲನ್ನು ನಿಲ್ಲಿಸಿ, ಎರಡೂ ಕಡೆ ಕುರ್ಚಿಯ ಆಸರೆ ಕೊಟ್ಟಳು. ಮುಖದ ಮೇಲೆ ನಿರಂಜನ ಮದುವೆಯ ನಂತರ ಕಾಣದಿದ್ದ ಬೆಳಕು. ಅವನ ಕಣ್ಣು ತುಂಬಿಬಂತು. ಇನ್ನು ಗುಜರಿಯ ಭಯವಿಲ್ಲ! ದಾರ ಬಿಡಿಸಲೆಂದು ಸ್ಪ್ಯಾನರ್ ತೆಗೆದುಕೊಂಡು ಹಿಂದಿನ ಚಕ್ರದ ಬಳಿ ಕೂತ.

"ಕೈ ತೆಗೀರಿ!" ಬಾಗಿಲಲ್ಲಿ ತುಂಬಿದ್ದ ಬೀದಿಯೆಲ್ಲ ಒಟ್ಟಿಗೆ ಕೂಗಿತು.

ಚಿಕ್ಕತಿಮ್ಮಪ್ಪನವರು ಮುಂದೆ ಬಂದರು. "ಗಣರಾಜ್ಯೋತ್ಸವಕ್ಕೆ ಹಿರಿಯೂರಿನಾಗೆ ಜಿಲ್ಲಾಮಟ್ಟ ಐತ್ರಿ. ತಾಲ್ಲೂಕಿನ ಮಾನದ ಪ್ರಶ್ನೆ. ಒಂದು ನಟ್ಟೂ ಸಡಿಲ ಮಾಡಂಗಿಲ್ಲ."

"ಸಾರ್, ನಾನು ಇನ್ನೂ ಒಂದ್ಸಲಾನೂ ಓಡಿಸಿಲ್ಲ ಸಾರ್," ಎಂದ ನಿರಂಜನ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿ, ದನಿ ತಗ್ಗಿಸಿ ಅಂಗಲಾಚಿದ. "ಅನೂ, ನಾಳೆ ಒಂದೇ ಒಂದು ದಿನ ಇದರ ಮೇಲೆ ಆಫೀಸಿಗೆ ಹೋಗಿ ಬರ್ತೀನಿ ಕಣೇ."

ಅನುಸೂಯ ಸೈಕಲ್ಲಿನ ಸೀಟನ್ನು ಸೆರಗಿನಿಂದ ಮೃದುವಾಗಿ ಒರೆಸುತ್ತ ಹೇಳಿದಳು:

"ನಡ್ಕಂಡು ಹೋಗ್ರಿ. ಓಡಿಸಿದ್ರೆ ಅದಕ್ಕೆ ಅಭ್ಯಾಸ ತಪ್ತೈತೆ."